ಹಾಯಿಹಡಗು ಹತ್ತುವ ಮುಂಚೆ: ಗಿರೀಶನಿಗೊಂದು ಪತ್ರ

ಪ್ರಿಯ ಗಿರೀಶ,

ಮಗಳು ಕೊಚ್ಚಿಯಲ್ಲಿ ನೌಕಾಪಡೆಯ ತರಬೇತಿ ಹಾಯಿಹಡಗು ತರಂಗಿಣಿ ಹತ್ತುತ್ತಾಳೆ ಅಂತ ಓದಿ ಖುಷಿಯಾಯ್ತು. ಮೊದಲ ವಾರ ಏನು ಮಾಡಿಸ್ತಾರೆ, ಎಲ್ಲಿ ಹುಷಾರಾಗಿರಬೇಕು ಅಂತ ಕೇಳಿದ್ದೀಯ. ತುಮಕೂರಿನವನಿಗೆ ಕಡಲು ಅಂದ್ರೆ ರಜೆಯಲ್ಲಿ ನೋಡಿದ ಮಲ್ಪೆ ಬೀಚು, ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೀತೀನಿ. ಅವಳಿಗೂ ಓದಿಸು.

ಈ ಹಡಗನ್ನ ಕಟ್ಟಿದ್ದು ಗೋವಾ ಶಿಪ್‌ಯಾರ್ಡ್‌ನಲ್ಲಿ, ನೌಕಾಪಡೆಗೆ ಸೇರಿದ್ದು 1997ರ ನವೆಂಬರ್‌ನಲ್ಲಿ. ಉದ್ದ 54 ಮೀಟರ್, ಮಾಸ್ಟ್ ಅಂದ್ರೆ ಹಾಯಿಯ ಕಂಬ ಮೂರು, ಹಾಯಿ 20. ಮುಂದಿನ ಎರಡು ಮಾಸ್ಟ್‌ಗಳಿಗೆ ಯಾರ್ಡ್ ಎಂಬ ಅಡ್ಡ ತೊಲೆಗಳಿಂದ ಇಳಿಬಿದ್ದ ಚೌಕ ಹಾಯಿಗಳು, ಹಿಂದಿನ ಮಾಸ್ಟ್‌ಗೆ ಹಡಗಿನ ಉದ್ದಕ್ಕೆ ಚಾಚುವ ಹಾಯಿ. ಈ ಬಗೆಯ ಹಡಗಿಗೆ ಬಾರ್ಕ್ ಅಂತಾರೆ. 2012ರಲ್ಲಿ ಬಂದ ಸುದರ್ಶಿನಿ ಇದರ ತಂಗಿ, ಅದರಲ್ಲಿ ಹಗ್ಗವೇ ಸುಮಾರು ಏಳೂವರೆ ಕಿಲೋಮೀಟರ್ ಇದೆ. ಇಷ್ಟು ಹಗ್ಗ ಕಂಡು ಹೊಸ ಮಕ್ಕಳು ಕಂಗಾಲಾಗ್ತಾರೆ. ಆದರೆ ಒಂದು ಮಾಸ್ಟ್‌ನ ಹಗ್ಗಗಳು ಯಾವ ಕ್ರಮದಲ್ಲಿವೆ ಅಂತ ಗೊತ್ತಾದ್ರೆ ಇನ್ನೊಂದರದ್ದು ಹೆಚ್ಚುಕಡಿಮೆ ಅದೇ. ಹಾಯಿಗಳನ್ನ ಡೆಕ್ಕಿನಿಂದ ಮೇಲಕ್ಕೆ ಎಣಿಸ್ತಾ ಹೋಗಿ, ಒಂದೊಂದಕ್ಕೂ ಯಾವ ಹಗ್ಗ ಯಾವ ಪಿನ್ನಿಗೆ (ಹಗ್ಗ ಬಿಗಿಯುವ ಗೂಟಕ್ಕೆ) ಬರುತ್ತೆ ಅಂತ ನೋಡಿಕೊಳ್ಳೋದು ಸುಲಭದ ದಾರಿ. ಒಮ್ಮೆ ರಾತ್ರಿ ಕತ್ತಲಲ್ಲೂ ಕೈಯಿಂದ ಮುಟ್ಟಿ ನೋಡಲಿ, ಯಾಕಂದ್ರೆ ಬೇಕಾಗೋದು ಆಗಲೇ.

ನಾನು ಹೇಳಬೇಕಾದ ಮುಖ್ಯ ಮಾತು ಇದು: ಹಗ್ಗ ಎಳೆಯೋದನ್ನ ಯಾರು ಬೇಕಾದರೂ ಮೊದಲ ದಿನವೇ ಕಲೀತಾರೆ. ಕೈ ಸುಟ್ಟುಕೊಳ್ಳೋದು, ಬೆರಳು ಜಜ್ಜಿಸಿಕೊಳ್ಳೋದು ಎಲ್ಲಾ ಹಗ್ಗ ಬಿಡುವಾಗ. ಹಗ್ಗ ಬಿಗಿಯೋದು ಬಿಲೇಯಿಂಗ್ ಪಿನ್ನಿಗೆ, ಅಂದ್ರೆ ಹಲಗೆಯ ತೂತಿನಲ್ಲಿ ನಿಂತಿರುವ ಗೂಟಕ್ಕೆ. ಮೊದಲು ಗೂಟದ ಕೆಳಭಾಗಕ್ಕೆ ಒಂದು ಸುತ್ತು, ಆಮೇಲೆ ಮೇಲೆ ಕೆಳಗೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಮೂರು ನಾಲ್ಕು ಸುತ್ತು. ಕೊನೆಗೆ ಗಂಟು ಹಾಕಬಾರದು. ಗಾಳಿ ಜೋರಾದಾಗ ಗಂಟು ಬಿಗಿದುಕೊಂಡು ಬಿಚ್ಚೋಕೆ ಆಗಲ್ಲ. ಬಿಡುವಾಗ ಎಂಟರ ಸುತ್ತುಗಳನ್ನ ತೆಗೆದು, ಕೆಳಗಿನ ಸುತ್ತನ್ನ ಹಾಗೇ ಉಳಿಸಿಕೊಂಡು, ಅದರ ಘರ್ಷಣೆಯ ಮೇಲೆ ಭಾರ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಬೇಕು. ಕೈ ಗೂಟದಿಂದ ಒಂದಡಿ ದೂರದಲ್ಲಿರಲಿ, ಹತ್ತಿರ ಇದ್ದರೆ ಹಗ್ಗ ಜಾರಿದಾಗ ಬೆರಳನ್ನೂ ಒಳಗೆ ಎಳ್ಕೊಳ್ಳುತ್ತೆ. ಅಂಗೈಯಲ್ಲಿ ಜಾರಲು ಬಿಡಬಾರದು, ಒಂದಾದ ಮೇಲೊಂದು ಕೈ ಬದಲಿಸಬೇಕು. ಇನ್ನು, ಭಾರ ಇರೋ ಹಗ್ಗದ ಪಿನ್ನನ್ನ ಯಾವ ಕಾರಣಕ್ಕೂ ಎತ್ತಿ ಕೀಳಬಾರದು. ಪಿನ್ ಬಂದರೆ ಸುತ್ತೆಲ್ಲ ಒಮ್ಮೆಗೇ ಬಿಟ್ಟುಕೊಳ್ಳುತ್ತೆ.

ಎಂಟು ಹತ್ತು ಜನ ಒಂದು ಹಗ್ಗ ಎಳೆದು ಮುಗಿಸಿದ ಕ್ಷಣವೂ ಅಪಾಯದ್ದೇ. "ಅವಾಸ್ಟ್" ಅಂದ್ರೆ ಎಳೆಯೋದು ನಿಲ್ಲಿಸಿ, ಆದರೆ ಹಿಡಿದೇ ಇರಿ. ಗೂಟದ ಹತ್ತಿರ ನಿಂತವನು ಸುತ್ತು ಹಾಕಿ ಸನ್ನೆ ಕೊಟ್ಟ ಮೇಲೆ ಎಲ್ಲರೂ ಒಟ್ಟಿಗೆ ಬಿಡಬೇಕು. ಹೊಸಬರಲ್ಲಿ ಸಾಲಿನ ಹಿಂದಿರೋರು ಕೆಲಸ ಮುಗೀತು ಅಂತ ಮೊದಲೇ ಕೈ ಬಿಡ್ತಾರೆ. ಆಗ ಪೂರ್ತಿ ಭಾರ ಮುಂದಿನ ಇಬ್ಬರ ಮೇಲೆ ಬಿದ್ದು, ಅವರ ಕೈ ನೇರ ಗೂಟಕ್ಕೇ ಹೋಗುತ್ತೆ. ಉಂಗುರ, ಬಳೆ, ವಾಚು ಮನೆಯಲ್ಲೇ ಬಿಟ್ಟು ಹೋಗಲಿ. ಉದ್ದ ಕೂದಲಿದ್ದರೆ ಕಟ್ಟಿರಬೇಕು. ಡೆಕ್ಕಿನ ಮೇಲೆ ಬಿದ್ದಿರುವ ಹಗ್ಗದ ಸುರುಳಿಯೊಳಗೆ ಕಾಲಿಡೋದು ಸಮುದ್ರಕ್ಕೆ ಅರ್ಜಿ ಹಾಕಿದ ಹಾಗೆ.

ಮಿಕ್ಕ ಹಗ್ಗ ಸುತ್ತಿಡೋದು ಗಡಿಯಾರದ ದಿಕ್ಕಿಗೆ, ಗೂಟದ ಕಡೆಯಿಂದ ಶುರು ಮಾಡಿ ತುದಿಯತ್ತ. ತುದಿಯಿಂದ ಶುರು ಮಾಡಿದರೆ ತಿರುಚೆಲ್ಲ ಗೂಟದ ಹತ್ತಿರ ಸೇರಿಕೊಂಡು ಗಂಟುಗಂಟಾಗಿ, ಬಿಡಬೇಕಾದ ಹೊತ್ತಿಗೆ ಬ್ಲಾಕಿನಲ್ಲಿ, ಅಂದ್ರೆ ರಾಟೆಯಲ್ಲಿ, ಸಿಕ್ಕಿಕೊಳ್ಳುತ್ತೆ.

ಚೌಕ ಹಾಯಿ ಬಿಚ್ಚುವಾಗಲೂ ಬಿಡೋದೇ ಮೊದಲು. ಹಾಯಿಯನ್ನ ಯಾರ್ಡ್‌ಗೆ ಕಟ್ಟಿರುವ ಪಟ್ಟಿಗಳನ್ನ ಮೇಲೆ ಹತ್ತಿದವರು ಬಿಚ್ಚುತ್ತಾರೆ. ಕೆಳಗಿನವರು ಹಾಯಿಯನ್ನ ಮೇಲಕ್ಕೆ ಮಡಚಿ ಹಿಡಿದಿರುವ ಕ್ಲ್ಯೂಲೈನ್, ಬಂಟ್‌ಲೈನ್ ಎಂಬ ಹಗ್ಗಗಳನ್ನ ಸಡಿಲಿಸ್ತಾರೆ. ಆಮೇಲೆ ಕೆಳಮೂಲೆಗಳನ್ನ ಶೀಟ್ ಎಂಬ ಹಗ್ಗದಿಂದ ಎಳೆಯೋದು. ಮೇಲೇರುವ ಯಾರ್ಡ್ ಆದರೆ ಕೊನೆಗೆ ಹ್ಯಾಲ್ಯರ್ಡ್ ಎಳೆದು ಅದನ್ನ ಏರಿಸೋದು. ಹತ್ತು ಜನ ಎಳೆದರೂ ಶೀಟ್ ಬರ್ತಿಲ್ಲ ಅಂದ್ರೆ ಹನ್ನೊಂದನೆಯವರನ್ನ ಕರೀಬಾರದು. ಯಾರೋ ಒಂದು ಬಂಟ್‌ಲೈನ್ ಬಿಡೋದು ಮರೆತಿದ್ದಾರೆ ಅಂತಲೇ ತಿಳಿಯಬೇಕು. ಆಗಲೂ ಜಗ್ಗಿದರೆ ಹಾಯಿ ಹರಿಯುತ್ತೆ.

ಮೇಲೆ ಹತ್ತಿಸೋದು ಸಾಮಾನ್ಯವಾಗಿ ಬಂದರಿನಲ್ಲಿ ಹಡಗು ನಿಂತಿರುವಾಗಲೇ ಶುರು. ಗಾಳಿ ಬೀಸುವ ಬದಿಯಿಂದಲೇ ಹತ್ತಬೇಕು, ಗಾಳಿಯೇ ಮೈಯನ್ನ ಏಣಿಗೆ ಒತ್ತಿ ಹಿಡಿಯುತ್ತೆ. ಕೈ ಹಿಡಿಯೋದು ನಿಂತ ತಂತಿಗಳನ್ನ, ಕಾಲಿಡೋದು ಅಡ್ಡ ಮೆಟ್ಟಿಲುಗಳ ಮೇಲೆ. ಅಡ್ಡದ್ದು ಸವೆದು ಕಿತ್ತು ಬರಬಹುದು, ನಿಂತದ್ದು ಬರಲ್ಲ. ಯಾರ್ಡ್‌ನ ಕೆಳಗಿನ ಕಾಲ್ಹಗ್ಗದ ಮೇಲೆ ಕಾಲಿಡುವ ಮೊದಲು ಕೂಗಿ ಹೇಳಬೇಕು, ಇಲ್ಲದಿದ್ದರೆ ಅಲ್ಲಿ ಆಗಲೇ ನಿಂತವರ ಕಾಲ್ಕೆಳಗೆ ಹಗ್ಗ ದಿಢೀರನೆ ಕುಣಿಯುತ್ತೆ. ಜೇಬಿನಲ್ಲಿ ಮೊಬೈಲು ಬೇಡ. ಬಿದ್ದರೆ ಹೋಗೋದು ಮೊಬೈಲು ಮಾತ್ರ ಅಲ್ಲ, ಕೆಳಗಿರೋರ ತಲೆಯೂ.

ವಾಂತಿಯ ವಿಚಾರ ನೀನು ಮೂರು ಸಲ ಕೇಳಿದ್ದೀಯ. ಆಗುತ್ತೆ, ಬಹಳಷ್ಟು ಜನರಿಗೆ ಎರಡು ಮೂರು ದಿನದಲ್ಲಿ ಹೋಗುತ್ತೆ. ಕಿವಿಯೊಳಗಿನ ಸಮತೋಲದ ಅರಿವು ಅಲುಗಾಡ್ತಿದೆ ಅನ್ನುತ್ತೆ, ಕೋಣೆಯ ಗೋಡೆ ನೋಡುವ ಕಣ್ಣು ಇಲ್ಲ ಅನ್ನುತ್ತೆ, ಜಗಳ ಅಷ್ಟೇ. ಅದಕ್ಕೇ ಡೆಕ್ಕಿನ ಮೇಲೆ ಬಂದು, ಹಡಗಿನ ನಡುಭಾಗದಲ್ಲಿ ಕೂತು, ದಿಗಂತ ನೋಡಬೇಕು. ಮಾತ್ರೆ ಹಡಗು ಹೊರಡುವ ಮುಂಚೆ ತಗೊಂಡರೆ ಹೆಚ್ಚು ಉಪಯೋಗ, ಯಾವುದು ಅಂತ ಹಡಗಿನ ವೈದ್ಯಕೀಯ ಸಿಬ್ಬಂದಿಯನ್ನೇ ಕೇಳಲಿ. ಅವೋಮಿನ್‌ನಂಥದ್ದು ನಿದ್ದೆ ತರಿಸುತ್ತೆ, ನುಂಗಿದ ಮೇಲೆ ಮಾಸ್ಟ್ ಹತ್ತೋದು ಬೇಡ. ಹೊಟ್ಟೆ ಖಾಲಿ ಬಿಟ್ಟರೆ ಇನ್ನೂ ಕಷ್ಟ, ಒಣ ಬಿಸ್ಕತ್ತೋ ಮಂಡಕ್ಕಿಯೋ ತಿನ್ನುತ್ತಿರಲಿ. ವಾಂತಿ ಮಾಡೋದು ಗಾಳಿ ಹೊರಟು ಹೋಗುವ ಬದಿಗೆ! ಇದನ್ನ ಒಂದು ಸಲ ತಪ್ಪಿದವರಿಗೆ ಎರಡನೇ ಸಲ ಹೇಳಿಕೊಡಬೇಕಾಗಿಲ್ಲ. ನಮ್ಮ ಅಕ್ಷಾಂಶದಲ್ಲಿ ನಿಜವಾದ ಅಪಾಯ ಮೈಯ ನೀರು ಖಾಲಿಯಾಗೋದು. ಸ್ವಲ್ಪ ಉಪ್ಪು ಸಕ್ಕರೆ ಬೆರೆಸಿದ ನೀರನ್ನ ಗುಟುಕು ಗುಟುಕಾಗಿ ಕುಡೀತಿರಬೇಕು. ತುಂಬು ತೋಳಿನ ಹತ್ತಿ ಅಂಗಿ ಇರಲಿ.

ಪಹರೆ, ಅಂದ್ರೆ ಕೆಲಸದ ಪಾಳಿ, ಸಾಮಾನ್ಯವಾಗಿ ನಾಲ್ಕು ಗಂಟೆಯದು. ದಿನಕ್ಕೆ ಆರು ಪಹರೆ, ಮೂರು ತಂಡ ಅಂತಾದರೆ ಒಂದೇ ತಂಡಕ್ಕೆ ದಿನಾ ನಡುರಾತ್ರಿ ಬೀಳುತ್ತೆ. ಅದಕ್ಕೆ ಸಂಜೆ 4ರಿಂದ 8ರದ್ದನ್ನ ಎರಡು ತುಂಡು ಮಾಡಿ ಏಳು ಪಹರೆ ಮಾಡ್ತಾರೆ, ಸರದಿ ತಾನಾಗಿ ಸರಿಯುತ್ತೆ.

ಚುಕ್ಕಾಣಿ ಕೈಗೆ ಬಂದಾಗ ಹೊಸಬರೆಲ್ಲ ಅಂಕುಡೊಂಕು ಹೋಗ್ತಾರೆ. ದಿಕ್ಸೂಚಿಯ ತಟ್ಟೆ ತಿರುಗ್ತಿದೆ ಅನಿಸುತ್ತೆ, ತಟ್ಟೆ ನಿಂತಲ್ಲೇ ಇರುತ್ತೆ, ತಿರುಗೋದು ಹಡಗು. ಸರಿಯಾದ ಅಂಕಿ ಬರೋವರೆಗೂ ಚಕ್ರ ತಿರುಗಿಸಿ ಹಿಡಿದರೆ ಹಡಗು ಅದನ್ನ ದಾಟಿಯೇ ನಿಲ್ಲೋದು. ಅಂಕಿಗೆ ಇನ್ನೂ ಕೆಲವು ಡಿಗ್ರಿ ಇರುವಾಗಲೇ ಚಕ್ರವನ್ನ ವಾಪಸ್ ತರಬೇಕು. ರಾತ್ರಿ ದಿಕ್ಸೂಚಿಯನ್ನೇ ದಿಟ್ಟಿಸೋ ಬದಲು ಮುಂದಿನ ಒಂದು ನಕ್ಷತ್ರವನ್ನ ಹಗ್ಗವೊಂದಕ್ಕೆ ಹೊಂದಿಸಿ ಇಟ್ಟುಕೊಂಡರೆ ಆರಾಮ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಕ್ಷತ್ರ ಬದಲಿಸಲಿ, ಅದೂ ಸರೀತಾ ಇರುತ್ತಲ್ಲ. ಆ ನಕ್ಷತ್ರಗಳು ಒಂದು ಕಡೆಯಿಂದ ಮಾಯವಾಗ್ತಾ ಬಂದು, ಮೈಗೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ತಾಗಿದರೆ ಮಳೆಗಾಳಿ ಬಂತು ಅಂತ ಅರ್ಥ, ತಕ್ಷಣ ಪಹರೆಯ ಅಧಿಕಾರಿಗೆ ಹೇಳಬೇಕು. ಆಗ ಮಾಸ್ಟ್ ತುದಿಯ ಹಾಯಿಗಳನ್ನ ಮೊದಲು ಇಳಿಸ್ತಾರೆ.

ಯಾರಾದರೂ ನೀರಿಗೆ ಬಿದ್ದರೆ ಕೂಗೋದು, ತೇಲುಬಳೆ ಎಸೆಯೋದು. ಒಬ್ಬರು ಮಾತ್ರ ಬೇರೇನೂ ಮಾಡದೆ, ಬಿದ್ದವರತ್ತ ಕೈ ಚಾಚಿ ಕಣ್ಣು ಕೀಳದೆ ನಿಂತಿರಬೇಕು. ಚೌಕ ಹಾಯಿಯ ಹಡಗು ತಿರುಗಿ ಬರೋಕೆ ಹೊತ್ತು ಹಿಡಿಯುತ್ತೆ, ಅಲೆಗಳ ನಡುವೆ ಒಂದು ತಲೆ ಕಳೆದುಹೋಗೋಕೆ ಅಷ್ಟು ಹೊತ್ತು ಬೇಡ.

ಹೊರಡೋಕೆ ಇನ್ನೂ ದಿನ ಇದೆಯಲ್ಲ, ಹಾರ್ಡ್‌ವೇರ್ ಅಂಗಡಿಯಿಂದ ಎರಡು ಮೀಟರ್ ಹಗ್ಗ ತಂದುಕೊಡು, ಬೆರಳಿನಷ್ಟು ದಪ್ಪ, ತೀರಾ ನುಣುಪಾದದ್ದು ಬೇಡ. ಬೋಲೈನ್, ಕ್ಲೋವ್ ಹಿಚ್, ರೀಫ್ ನಾಟ್ ಎಂಬ ಮೂರು ಗಂಟುಗಳನ್ನ ಕಣ್ಣು ಮುಚ್ಚಿಕೊಂಡು ಕಟ್ಟೋದು ಬರಲಿ. ರೀಫ್ ನಾಟ್‌ನಿಂದ ಎರಡು ಹಗ್ಗ ಜೋಡಿಸಿ ಭಾರ ಹಾಕಬಾರದು, ಜಾರುತ್ತೆ. ಉಗುರು ಕತ್ತರಿಸಿಕೊಂಡು ಹೋಗು ಅಂತಲೂ ಹೇಳು.

ಇಂತಿ,
ನಿನ್ನ ರಘು