ತಟ್ಟೆಗೆ ಅಡ್ಡ ಬಂದ ಕೈ

ಪುಟ್ಟವ್ವ,

ಫೋನ್ ಮಾಡಿದರೆ ಮಾತು ಮತ್ತೆ ಅಲ್ಲಿಗೇ ಹೋಗುತ್ತೆ ಅಂತ ಬರೆಯುತ್ತಿದ್ದೇನೆ. ಶನಿವಾರ ರಾತ್ರಿ ಆದದ್ದನ್ನು ಇಲ್ಲಿ ಮತ್ತೆ ಹೇಳಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ನೀನು ಊಟ ಬಿಟ್ಟು ಎದ್ದು ಮೈಸೂರು ಬಸ್ ಹತ್ತಿದೆ, ನಾನು ಬಾಗಿಲ ತನಕವೂ ಬರಲಿಲ್ಲ. ಆ ಹೊತ್ತಿನಲ್ಲಿ ನಿನ್ನನ್ನು ಒಬ್ಬಳೇ ಬಿಟ್ಟೆನಲ್ಲ, ಅದಕ್ಕೆ ಮೊದಲು ಕ್ಷಮಿಸು. ಇನ್ನೊಂದಕ್ಕೂ ಕ್ಷಮೆ ಕೇಳಬೇಕು. ಅದು ಹಳೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ನೀನು ಹೋದ ಮೇಲೆ ನಿಮ್ಮಮ್ಮ ಎಲ್ಲ ಹೇಳಿದಳು. ಪಿಸಿಓಡಿ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ಹಿಂದುಮುಂದಾಗೋ ತೊಂದರೆ, ಅಂತ ಡಾಕ್ಟರ್ ಹೇಳಿದ್ದು, ಮೂರು ತಿಂಗಳಿಂದ ನಿನಗೆ ತೊಂದರೆ ಇರೋದು, ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೂ ಎಷ್ಟೋ ಜನಕ್ಕೆ ತಿಂಗಳ ಲೆಕ್ಕ ಸರಿಹೋಗುತ್ತೆ ಅಂತ ಅವರು ಧೈರ್ಯ ಕೊಟ್ಟಿದ್ದು. ನನಗೆ ಒಂದೂ ಗೊತ್ತಿರಲಿಲ್ಲ ಕಣವ್ವ. ಮೂವತ್ತೊಂದು ವರ್ಷ ಹತ್ತನೇ ಕ್ಲಾಸಿನ ಮಕ್ಕಳಿಗೆ ಹಾರ್ಮೋನ್ ಪಾಠ ಮಾಡಿದವನು ನಾನು. ನನ್ನ ಮಗಳಿಗೆ ಇದನ್ನು ನನ್ನ ಹತ್ತಿರ ಹೇಳಿಕೊಳ್ಳೋಕೆ ಆಗಲಿಲ್ಲ. ಅದು ನಿನ್ನ ತಪ್ಪಲ್ಲ.

ನನಗೆ ಅವತ್ತು ಯಾಕೆ ಅಷ್ಟು ಸಿಟ್ಟು ಬಂತು ಅಂತಲೂ ಯೋಚನೆ ಮಾಡಿದೆ. ನಿಮ್ಮ ತಾತ ಹುಡುಗನಾಗಿದ್ದಾಗ ಬರ ಬಂದ ವರ್ಷ ಒಂದು ಮುದ್ದೆಯನ್ನು ಇಬ್ಬರಿಗೆ ಮುರಿದು ಕೊಡುತ್ತಿದ್ದರಂತೆ. ಆಮೇಲೆ ಇದೇ ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿ ಮಾಡಿದರು. ನಮ್ಮ ಕಣ ತುಂಬಿದ್ದು ಆಗಲೇ. ತಾತ ಆ ರಾಶಿ ಮುಂದೆ ನಿಂತು ಕೈ ಮುಗಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥ ಮನೆಯಲ್ಲಿ ಯಾರಾದರೂ ತಟ್ಟೆಗೆ ಕೈ ಅಡ್ಡ ಹಿಡಿದು ಬೇಡ ಅಂದರೆ ನನಗೆ ಒಳಗೇ ಎಲ್ಲೋ ಚುಚ್ಚುತ್ತೆ. ಹಾಗಂತ ನಾನು ಕೂಗಾಡಿದ್ದು ಸರಿಯಾಗಲ್ಲ.

ಭಾನುವಾರ ಬೆಳಿಗ್ಗೆ ನಿಮ್ಮಮ್ಮನ ಫೋನಿನಲ್ಲಿ ನೀನು ಕಳಿಸಿದ್ದ ಪಟ್ಟಿ ನೋಡಿದೆ. ದಿನಕ್ಕೆ 1400 ಕ್ಯಾಲೊರಿ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ 50 ಗ್ರಾಂ ಹಿಟ್ಟಿನ ಮುದ್ದೆ, ಸೊಪ್ಪು, ಮಜ್ಜಿಗೆ, ಸಂಜೆ ಒಂದು ಹಿಡಿ ಹುರಿಗಡಲೆ, ರಾತ್ರಿ ಒಂದು ಚಪಾತಿ, ಪಲ್ಯ, ಮೊಟ್ಟೆ. ನಿಮ್ಮಮ್ಮ ಮುದ್ದೆಗೆ ಹಾಕುವ ಹಿಟ್ಟನ್ನು ತಕ್ಕಡಿಗೆ ಹಾಕಿ ನೋಡಿದೆ. ನಮ್ಮ ಮನೆಯ ಒಂದು ಮುದ್ದೆಗೆ 120 ಗ್ರಾಂ ಬಂತು. ನೂರು ಗ್ರಾಂ ರಾಗಿಹಿಟ್ಟಿಗೆ ಸುಮಾರು 320 ಕ್ಯಾಲೊರಿ, ಅಂದರೆ ನಮ್ಮ ಒಂದು ಮುದ್ದೆಗೆ 380ರ ಮೇಲೆ. ಶನಿವಾರ ನಾನು ಎರಡನೇ ಮುದ್ದೆ ಹಾಕೋಕೆ ಹೋದೆನಲ್ಲ, ಅದನ್ನು ಉಂಡಿದ್ದರೆ ನಿನ್ನ ದಿನದ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಮುದ್ದೆಗೇ ಹೋಗುತ್ತಿತ್ತು. ನೀನು ಲೆಕ್ಕ ತಿಳಿದೇ ಕೈ ಅಡ್ಡ ಹಿಡಿದೆ. ನಾನು ತಿಳಿಯದೆ ಬೈದೆ.

ಅವತ್ತಿನಿಂದ ನಾನೂ ಅದೇ ಪಟ್ಟಿ ಹಿಡಿದಿದ್ದೇನೆ. ನಿನಗೆ ಹೇಳಬೇಡ ಅಂತ ನಿಮ್ಮಮ್ಮನಿಗೆ ಹೇಳಿದ್ದೆ. ಗಾಬರಿಯಾಗಬೇಡ, ನಾನು ಶುಗರ್ ಮಾತ್ರೆ ಬಿಪಿ ಮಾತ್ರೆ ಯಾವುದೂ ನುಂಗಲ್ಲ, ಒಂದು ವಾರಕ್ಕೆ ಏನೂ ಆಗಲ್ಲ. ನೀನು ಏನು ಪಡುತ್ತಿದ್ದೀಯೋ ಅದು ನನಗೆ ಬರೀ ಮಾತಿನಲ್ಲಿ ಅಲ್ಲ, ಹೊಟ್ಟೆಯಲ್ಲಿ ಗೊತ್ತಾಗಬೇಕಿತ್ತು.

ಮೊದಲ ದಿನ ಸುಲಭ ಅನಿಸಿತು. ಎರಡನೇ ದಿನ ಸಂಜೆ ನಾಲ್ಕಕ್ಕೆ ತಲೆ ಹಿಡಿದುಕೊಂಡಿತು. ನಿನ್ನೆ, ಮೂರನೇ ದಿನ, ಪೇಪರ್ ಹುಡುಗ ತಡವಾಗಿ ಬಂದ ಅಂತ ಅವನ ಮೇಲೆ ರೇಗಿದೆ, ಪಾಪ, ಆ ಹುಡುಗ ಸುಮ್ನೆ ನಿಂತಿದ್ದ. ಆಗ ಹೊಳೆಯಿತು: ನೀನು ಶನಿವಾರ ಮನೆಗೆ ಬಂದದ್ದೂ ನಿನ್ನ ಮೂರನೇ ದಿನವೇ. ಬಸ್ಸಿನಲ್ಲಿ ನಿಂತುಕೊಂಡು ಬಂದು, ತಲೆ ಸಿಡಿಯುತ್ತಿದ್ದರೂ ನಗುತ್ತಾ ಕೂತಿದ್ದವಳ ಮುಂದೆ ನಾನು ಮಾತು ತೆಗೆದೆ. ರಾತ್ರಿ ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದರು. ಆ ವಾಸನೆಗೆ ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಒಂದು ಗಮನಿಸಿದೆ. ಗಡಿಯಾರ ನೋಡುತ್ತಾ ಕೂತೆ, ಇಪ್ಪತ್ತು ನಿಮಿಷಕ್ಕೆ ಆ ಹಸಿವು ತಾನೇ ಇಳಿಯಿತು. ಹಸಿವು ಏರುತ್ತಲೇ ಹೋಗುತ್ತೆ ಅಂತ ಅಂದುಕೊಂಡಿದ್ದೆ. ಹಾಗಲ್ಲ, ಬರುತ್ತೆ, ಹೋಗುತ್ತೆ. ನಿನಗೂ ಹೀಗೇ ಆಗುತ್ತಾ?

ಈಗ ಆ ಹಳೆಯ ಮಾತಿಗೆ ಬರುತ್ತೇನೆ.

2013ರ ಹಿರಿಯರ ಹಬ್ಬ. ನೀನು ಹತ್ತನೇ ಕ್ಲಾಸು. ಎಡೆ ಇಡೋವರೆಗೆ ಮನೆಯಲ್ಲಿ ಯಾರೂ ಏನೂ ತಿನ್ನಬಾರದು ಅಂತ ನಿಮ್ಮಜ್ಜಿಯ ಕಟ್ಟು. ಅವತ್ತು ಎಡೆ ಇಡುವಾಗಲೇ ಮೂರು ಗಂಟೆ ದಾಟಿತ್ತು. ಎಲೆ ಹಾಕಿ ಕೂತಾಗ ನನ್ನ ಎದುರು ಸಾಲಿನಲ್ಲಿ ನೀನು, ನಿನ್ನ ಪಕ್ಕ ಚಿಕ್ಕಪ್ಪನ ಮಕ್ಕಳು. ಬಾಡಿನ ಸಾರು. ನೀನು ಮುದ್ದೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಗುಳಿ ಮಾಡಿ ಸಾರು ತುಂಬಿಕೊಳ್ಳುತ್ತಿದ್ದೆ, ಚಿಕ್ಕವಳಿದ್ದಾಗಿನಿಂದಲೂ ನಿನಗೆ ಹಾಗೇ ಉಣ್ಣೋದು ಇಷ್ಟ. ಅರ್ಧ ಮುದ್ದೆ ಇನ್ನೂ ಎಲೆಯಲ್ಲೇ ಇತ್ತು. ಅಜ್ಜಿ ಕೈ ಒದ್ದೆ ಮಾಡಿಕೊಂಡು ಇನ್ನೊಂದು ಮುದ್ದೆ ಎತ್ತಿಕೊಂಡು ಬಂದರು. ಆಗ ನಾನು ಅಂದೆ, ‘ಸಾಕು ಬಿಡವ್ವ, ಈಗಲೇ ಹಿಂಗವ್ಳೆ.’ ಸಾಲಿನಲ್ಲಿ ಯಾರೋ ನಕ್ಕರು.

ನೀನು ಎರಡು ಕೈಯನ್ನೂ ಎಲೆಗೆ ಅಡ್ಡ ಹಿಡಿದೆ. ಎಡಗೈ ಕೆಳಗೆ, ಬಲಗೈ ಮೇಲೆ. ಬಲಗೈಗೆ ಸಾರು ಮೆತ್ತಿತ್ತು.

ಅಜ್ಜಿ ಮುದ್ದೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಅದನ್ನು ಯಾರ ಎಲೆಗೂ ಹಾಕಲಿಲ್ಲ, ವಾಪಸ್ ಪಾತ್ರೆಗೆ ಹಾಕಿದರು. ನೀನು ಎಲೆ ಮಡಿಚಿ, ಎತ್ತಿಕೊಂಡು ಹಿತ್ತಲಿಗೆ ಹೋದೆ. ನಾನು ಕೈ ತೊಳೆಯೋಕೆ ಹೋದಾಗ ನಾಯಿ ಆ ಎಲೆ ಬಿಡಿಸುತ್ತಿತ್ತು. ಒಳಗೆ ನಿನ್ನ ಅರ್ಧ ಮುದ್ದೆ ಹಾಗೇ ಇತ್ತು, ಹೆಬ್ಬೆರಳಿನ ಗುಳಿ ಹಾಗೇ ಇತ್ತು. ಬೆಳಿಗ್ಗೆಯಿಂದ ಒಂದು ಲೋಟ ನೀರು ಬಿಟ್ಟರೆ ಏನೂ ಮುಟ್ಟದೆ ಇದ್ದ ಮಗು ನೀನು. ರಾತ್ರಿ ಅಜ್ಜಿ ನನ್ನನ್ನು ಕರೆದು ಅಂದಿದ್ದು ಒಂದೇ ಮಾತು: ‘ಉಣ್ಣೋ ಕೂಸಿನ ಎಲೆ ನೋಡಬಾರ್ದು ಕಣ್ಲ.’ ನಾನು ಹೂಂ ಅಂದೆ. ಬೆಳಿಗ್ಗೆ ನಿನ್ನ ಹತ್ತಿರ ಏನಾದರೂ ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ನೀನು ಯೂನಿಫಾರ್ಮ್ ಹಾಕಿಕೊಂಡು ಎಂದಿನ ಹಾಗೆ ಹೊರಟೆ, ನಾನು ಇದು ಮುಗಿಯಿತು ಅಂದುಕೊಂಡೆ.

ಶನಿವಾರ ನೀನು ತಟ್ಟೆಗೆ ಕೈ ಹಿಡಿದದ್ದು ಅದೇ ಥರ. ಎಡಗೈ ಕೆಳಗೆ, ಬಲಗೈ ಮೇಲೆ. ಆಗ ನನಗೆ ನೆನಪಾಗಲಿಲ್ಲ. ರಾತ್ರಿ ಒಂದು ಗಂಟೆಗೆ ಎಚ್ಚರವಾಗಿ ಎದ್ದು ಕೂತಾಗ ಎರಡೂ ಒಟ್ಟಿಗೇ ಕಂಡವು.

ನನಗಿರೋ ಭಯ ಇದು. ನೀನು ಡಾಕ್ಟರ್ ಹೇಳಿದ್ದಕ್ಕೆ ಕಡಿಮೆ ಉಣ್ಣುತ್ತಿದ್ದರೆ ನನಗೆ ಏನೂ ಬೇಜಾರಿಲ್ಲ, ನಾನೇ ಜೊತೆಗೆ ನಿಲ್ಲುತ್ತೇನೆ. ಆದರೆ ಪ್ರತಿ ಸಲ ಕೈ ಅಡ್ಡ ಹಿಡಿದಾಗ ನಿನ್ನ ಕಿವಿಯಲ್ಲಿ ನನ್ನ ಆ ಮಾತು ಕೇಳಿಸುತ್ತಿದ್ದರೆ? ಅದು ಬೇಡ ಕಣವ್ವ. ಆ ಮಾತಿಗೋಸ್ಕರ ಒಂದು ತುತ್ತೂ ಬಿಡಬೇಡ.

ನಿನಗೆ ಅದು ನೆನಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲದಿದ್ದರೆ ಈಗ ನಾನೇ ನೆನಪು ಮಾಡಿಕೊಟ್ಟೆನಲ್ಲ ಅಂತ ಬರೆಯುವಾಗಲೇ ಸಂಕಟವಾಗುತ್ತಿದೆ. ಆದರೂ ಬರೆಯದೆ ಇರೋಕೆ ಆಗಲಿಲ್ಲ.

ಇನ್ನು ಈ ಪಥ್ಯದ ವಿಷಯ. ಕೇಳು, ಇದು ಮಾತ್ರ ನನಗೆ ಗೊತ್ತಿರೋದು, ಹೇಳಲೇಬೇಕು. ಎರಡು ಕೆಜಿ ಇಳಿದೆ ಅಂತ ಸೋಮವಾರ ಅಮ್ಮನಿಗೆ ಖುಷಿಯಲ್ಲಿ ಹೇಳಿದೆಯಂತೆ. ಖುಷಿ ಪಡು. ಆದರೆ ಅದರಲ್ಲಿ ಹೆಚ್ಚಿನದು ನೀರು. ನಮ್ಮ ಲಿವರ್‌ನಲ್ಲಿ, ಮಾಂಸಖಂಡದಲ್ಲಿ ಗ್ಲೈಕೋಜನ್ ಅಂತ ಕೂಡಿಟ್ಟ ಸಕ್ಕರೆ ಇರುತ್ತೆ, ಅದರ ಒಂದೊಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ. ಊಟ ಕಡಿಮೆಯಾದಾಗ ದೇಹ ಮೊದಲು ಅದನ್ನೇ ಖರ್ಚು ಮಾಡುತ್ತೆ, ಆ ನೀರೂ ಹೊರಟುಹೋಗುತ್ತೆ. ಕೊಬ್ಬು ಇಳಿಯೋದು ನಿಧಾನ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ. ದಿನಕ್ಕೆ 500 ಕಡಿಮೆ ಮಾಡಿದರೂ ಹದಿನೈದು ದಿನ ಬೇಕು. ಅದಕ್ಕೆ ಬರೋ ವಾರ ತೂಕದ ಮುಳ್ಳು ಅಲ್ಲಾಡದೆ ನಿಂತರೆ ನೀನು ಸೋತೆ ಅಂತ ಅಂದುಕೊಳ್ಳಬೇಡ, 1400 ಸಾಲದು ಅಂತ 900ಕ್ಕೆ ಇಳಿಸಬೇಡ. 800ಕ್ಕಿಂತ ಕಡಿಮೆ ಅಂತೂ ಡಾಕ್ಟರ್ ಕಣ್ಗಾವಲಿನಲ್ಲಿ ಮಾತ್ರ ಮಾಡೋದು. ನಿನ್ನ ಹಟ ನನಗೆ ಗೊತ್ತು, ಅದಕ್ಕೇ ಹೇಳುತ್ತಿರೋದು.

ಹೋದ ಗುರುವಾರ ಶುರು ಮಾಡಿದ ದಿನವೇ ಕಾಫಿನೂ ಪೂರ್ತಿ ಬಿಟ್ಟೆಯಂತೆ. ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದವಳು! ನಿನ್ನ ತಲೆನೋವಿನಲ್ಲಿ ಅರ್ಧ ಅದರದ್ದೇ ಇರಬೇಕು. ಕಾಫಿ ದಿಢೀರನೆ ಬಿಟ್ಟವರಿಗೆ ಮೊದಲೆರಡು ದಿನ ತಲೆ ಜೋರಾಗಿ ಸಿಡಿಯುತ್ತೆ, ಕೆಲವರಿಗೆ ವಾರದ ತನಕ ಎಳೆಯುತ್ತೆ. ಹಾಲು ಸಕ್ಕರೆ ಇಲ್ಲದ ಡಿಕಾಕ್ಷನ್‌ನಲ್ಲಿ ಕ್ಯಾಲೊರಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಬೆಳಿಗ್ಗೆ ಒಂದು ಲೋಟ ಕುಡಿ. ನೀರಿನ ಜೊತೆ ಉಪ್ಪೂ ಹೋಗುತ್ತೆ, ಮಜ್ಜಿಗೆಗೆ ಒಂದು ಚಿಟಿಕೆ ಹಾಕಿಕೋ. ಸಾರಿಗೆ ಉಪ್ಸಾರು ಮಾಡಿಕೋ, ಕಾಳು ಸೊಪ್ಪು ಬೇಯಿಸಿದ ಕಟ್ಟು, ಮೇಲೆ ಬೆಳ್ಳುಳ್ಳಿ ಮೆಣಸಿನಕಾಯಿ ಖಾರ, ಎಣ್ಣೆಯೇ ಬೇಕಿಲ್ಲ. ಒಂದು ಟೀ ಚಮಚ ಎಣ್ಣೆಗೆ 45 ಕ್ಯಾಲೊರಿ. ಅಳೆಯದೆ ಬಗ್ಗಿಸಿದರೆ ಲೆಕ್ಕ ತಪ್ಪೋದು ಅಲ್ಲೇ.

ರಾತ್ರಿ ಒಂದು ಗಂಟೆ ತನಕ ಫೋನಿನಲ್ಲಿ ಅಡುಗೆ ವಿಡಿಯೋ ನೋಡುತ್ತೀನಿ, ನಾಚಿಕೆಯಾಗುತ್ತೆ ಅಂದೆಯಂತೆ. ನಾಚಿಕೆ ಯಾಕೆ? 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಹುಡುಗರಿಗೆ 24 ವಾರ ಊಟ ಸುಮಾರು ಅರ್ಧಕ್ಕೆ ಇಳಿಸಿ ನೋಡಿದರು. ಅಡುಗೆಮನೆ ಕಡೆ ತಲೆ ಹಾಕದಿದ್ದವರು ಅಡುಗೆ ಪುಸ್ತಕ ಓದುತ್ತಾ ಕೂತರು, ಕನಸಿನಲ್ಲೂ ಊಟವೇ. ನಿನ್ನದು ಅಷ್ಟು ಕಷ್ಟದ್ದಲ್ಲ, ಆದರೂ ಮನಸ್ಸು ಹೋಗೋ ದಾರಿ ಅದೇ. ಅದು ನಿನ್ನ ಚಪಲ ಅಲ್ಲ, ಹಸಿದ ದೇಹ ತನಗೆ ಬೇಕಾದ್ದನ್ನು ಹುಡುಕುತ್ತೆ.

ಪಾಠ ಶುರು ಮಾಡಿಬಿಟ್ಟೆ ಅಲ್ವಾ. ಇನ್ನೊಂದೇ. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೀನಿ ಅಂದಿದ್ದೀಯಂತೆ. ಈ ವಾರ ಬೇಡ. ಸಾವಿರ ಮೆಟ್ಟಿಲು ಅದು, ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬಂದರೆ ಹಿಡಿಯೋರು ಯಾರು? ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡಿ, ಎರಡು ಇಡ್ಲಿ ತಿಂದ ಮೇಲೆ ನಡಿ. ತಲೆ ಸುತ್ತಿದರೆ, ಎದೆ ಹೊಡೆದುಕೊಂಡರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡು. ಆಮೇಲೆ ನನಗೂ ಮಾಡು. ಇನ್ನು ಮುಂದೆ ಅಮ್ಮನ ಬಾಯಿಂದ ಕೇಳಿಸಿಕೊಳ್ಳೋ ಹಾಗೆ ಮಾಡಬೇಡ, ನಾನು ಬೈಯಲ್ಲ.

ಒಂದು ಮಾತು ನಿನಗೆ ಯಾವತ್ತೂ ಹೇಳಿಲ್ಲ. ಆಫೀಸು ಮುಗಿಸಿ ಬಂದು, ಆ ಒಂಟಿ ಒಲೆಯಲ್ಲಿ, ತಕ್ಕಡಿ ಇಟ್ಟುಕೊಂಡು ನಿನ್ನ ಊಟ ನೀನೇ ಅಳೆದು ಮಾಡಿಕೊಳ್ಳುತ್ತೀಯ ಅಂತ ಅಮ್ಮ ಹೇಳಿದಾಗ ನನ್ನ ಎದೆ ತುಂಬಿ ಬಂತು. ಯಾರೂ ನೋಡದ ಕಡೆ ಕೂತು ಏಳು ದಿನ ಮಾಡಿದ್ದೀಯ. ನನಗೆ ನಾಲ್ಕು ದಿನಕ್ಕೇ ಸಾಕಾಗಿದೆ.

ನಾಳೆ ಎದುರುಮನೆ ಹುಡುಗ ಮೈಸೂರಿಗೆ ಬರುತ್ತಾನೆ, ಅವನ ಕೈಯಲ್ಲಿ ಒಂದು ಚೀಲ ಕಳಿಸುತ್ತಿದ್ದೇನೆ. ನಮ್ಮ ಹೊಲದ ರಾಗಿಹಿಟ್ಟನ್ನು 50 ಗ್ರಾಂ ಲೆಕ್ಕದಲ್ಲಿ ಅಳೆದು ಪೇಪರಿನಲ್ಲಿ ಒಂದೊಂದೇ ಪೊಟ್ಟಣ ಕಟ್ಟಿದ್ದೇನೆ. ನಿಮ್ಮಮ್ಮ ದಾರ ಸುತ್ತಿದಳು. ಮೂವತ್ತು ಇವೆ. ಜೊತೆಗೆ ಹುರುಳಿಕಾಳು, ಕಾಲು ಕೆಜಿ ಕಾಫಿ ಪುಡಿ.

ಶನಿವಾರ ಬರೋಕಾದರೆ ಬಾ. ಪಾತ್ರೆ ನಿನ್ನ ಹತ್ತಿರವೇ ಇಡುತ್ತೇನೆ. ನೀನೇ ಬಡಿಸಿಕೋ, ಎಷ್ಟು ಬೇಕೋ ಅಷ್ಟು.

ನಿನ್ನ
ಅಪ್ಪ