ಅಪ್ಪನ ಕಾಲಿನ ಅಳತೆ

ಬ್ರಸೆಲ್ಸ್, ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಶ್ರೀಧರಣ್ಣ ತಂದ ಅಪ್ಪೆಮಿಡಿ, ನಿನ್ನ ಕಾಗದ, ಅಪ್ಪನ ಕಾಲಿನ ಅಳತೆ ಎಲ್ಲ ಮುಟ್ಟಿತು.

ನಿನ್ನೆ ಅಣ್ಣ ಅತ್ತಿಗೆಯನ್ನ ಕರಕೊಂಡು ಫ್ರಾನ್ಸಿನ ಲೀಲ್‌ಗೆ ಹೋಗಿದ್ದೆ. ದುಂದು ಅಂತ ಬೈಬೇಡ. ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗೋ ಅರ್ಧ ಹೊತ್ತೂ ಹಿಡಿಯಲ್ಲ, ರೈಲು ಇಳಿದರೆ ಬೇರೆ ದೇಶ! ಅಲ್ಲಿ ಮೆಟ್ರೋಗೆ ಡ್ರೈವರೇ ಇಲ್ಲ, 1983ರಿಂದಲೂ ಹಾಗೇ ಓಡ್ತಿದೆ. ಅತ್ತಿಗೆ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಊರ ನಡುವೆ 1653ರಲ್ಲಿ ಕಟ್ಟಿ ಮುಗಿಸಿದ ವರ್ತಕರ ಕಟ್ಟಡ ಇದೆ. 24 ಮನೆ ಒಂದಕ್ಕೊಂದು ಅಂಟಿಕೊಂಡು, ಮಧ್ಯೆ ನಮ್ಮ ತೊಟ್ಟಿಮನೆ ಥರದ್ದೇ ಅಂಗಳ. ಅಲ್ಲಿ ಹಳೇ ಪುಸ್ತಕ ಮಾರ್ತಾರೆ, ಮುದುಕರು ಚೆಸ್ ಆಡ್ತಾರೆ. ಅಪ್ಪ ಬಂದಿದ್ದರೆ ಊಟಕ್ಕೆ ಎಬ್ಬಿಸೋದು ಕಷ್ಟವಿತ್ತು. ವೆನಿಲ್ಲಾ ಹೂರಣದ ವಾಫಲ್ ತಿಂದ್ವಿ. ಹೆಸರುವಾಸಿ ಅಂತೆ, ನನಗೆ ಬರೀ ಸಕ್ಕರೆ ಅನ್ನಿಸಿತು.

ಆಮೇಲೆ ಸ್ಟೇಷನ್ ಪಕ್ಕದ ಮಾಲ್‌ನಲ್ಲಿ ಶೂ ತಗೊಳ್ಳೋಣ ಅಂತ ನೀನು ಪಾದದ ಗೆರೆ ಎಳೆದ ಹಾಳೆ ಬಿಚ್ಚಿದೆ. ಅಂಗಡಿಯ ಹುಡುಗಿ ಎಡಗಾಲಿನ ಹೆಬ್ಬೆರಳ ಹತ್ತಿರ ಬೆರಳಿಟ್ಟು ಏನೋ ಕೇಳಿದಳು. ಗೆರೆ ಅಲ್ಲಿ ನಿಂಬೆಹಣ್ಣಿನ ಹಾಗೆ ಉಬ್ಬಿದೆ. ಪಕ್ಕದಲ್ಲೇ ಅರಿಶಿನದ ಕಲೆ.

‘ಕಲ್ಲು ತಾಗಿ ಒಂಚೂರು ತರಚಿದೆ’ ಅಂತಲ್ವಾ ನೀನು ಬರೆದಿದ್ದು? ಒಂಚೂರು ತರಚಿದ್ದಕ್ಕೆ ಅಷ್ಟು ದಪ್ಪ ಬಟ್ಟೆ ಸುತ್ತುತ್ತಾರಾ ಅಮ್ಮ? ಎಷ್ಟು ದಿನ ಆಯ್ತು? ಅಪ್ಪನ ಶುಗರ್ ಎಷ್ಟಿದೆ? ನೋವಿಲ್ಲ ಅಂತಾರೆ ಅಂತ ಸುಮ್ಮನಿರಬೇಡ. ಶುಗರ್ ಇರೋರಿಗೆ ಪಾದ ಜೋಮು ಹಿಡಿದಿದ್ದರೆ ನೋವು ಗೊತ್ತೇ ಆಗಲ್ಲ, ಒಳಗೊಳಗೇ ಕೀವಾಗುತ್ತೆ. ಅರಿಶಿನ ಎಲ್ಲ ಸಾಕು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಕರಕೊಂಡು ಹೋಗು, ಬೇಡ, ಕಾರು ಮಾಡಿಸಿಕೊಂಡು ಹೋಗಿ. ದುಡ್ಡು ಹಾಕಿದ್ದೀನಿ. ಅಡಿಕೆ ಕೊಯ್ಲು ಮುಗೀಲಿ ಅಂತ ಅಪ್ಪ ರಾಗ ಎಳೆದರೆ ನನಗೆ ಫೋನ್ ಕೊಡು. ಫೋನಲ್ಲಿ ನಿನ್ನ ಕೇಳಿದರೆ ಮಾತು ಮಳೆ, ಬೆಳೆ ಕಡೆ ತಿರುಗಿಸ್ತೀಯ, ಅದಕ್ಕೇ ಬರೆದಿದ್ದು.

ಶೂ ತಗೊಳ್ಳಲಿಲ್ಲ. ಯಾವ ಕಾಲಿನ ಅಳತೆಗೆ ಅಂತ ತಗೊಳ್ಳಲಿ?

ನನ್ನ ಬಗ್ಗೆ ಯೋಚನೆ ಬೇಡ. ಚಳಿ ಏನೂ ಇಲ್ಲ, ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಕೆಲಸವೂ ಚೆನ್ನಾಗಿದೆ. ನಾನೇನೂ ಗಾಬರಿಯಾಗಿಲ್ಲ. ಕುಕ್ಕರ್ ಕೂಗ್ತಿದೆ, ನಿಲ್ಲಿಸ್ತೀನಿ.

ನಿನ್ನ ಮಗ,
ರಾಘು

ಸುಮಾ, ನಿನ್ನ ಮೊಬೈಲಿಗೆ ಕಳಿಸಿದ್ದೀನಿ. ಅಮ್ಮನಿಗೆ ಪೂರ್ತಿ ಓದಿ ಹೇಳು, ನಡುವೆ ಹಾರಿಸಬೇಡ. ಅಪ್ಪನ ಕಾಲಿನ ಬಟ್ಟೆ ಬಿಚ್ಚಿದಾಗ ಗಾಯದ ಒಂದು ಫೋಟೋ ತೆಗೆದು ಹಾಕು.