ಜೂನೋ-106 ಕೊಳ್ಳುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರಿಯ ಸುಧೀ,

ಜಪಾನಿನಿಂದ ರೋಲ್ಯಾಂಡ್ ಜೂನೋ-106 ತರಿಸಲೋ, ಇಲ್ಲೇ ಸಿಗುವ ಕೋರ್ಗ್ ಪಾಲಿಸಿಕ್ಸ್‌ಗೆ ಕೈಹಾಕಲೋ ಎಂದು ಕೇಳಿದ್ದೀಯ. ಎರಡೂ ಆರು ವಾಯ್ಸಿನ, ಅಂದರೆ ಒಟ್ಟಿಗೆ ಆರು ಸ್ವರ ನುಡಿಸಬಲ್ಲ ಅನಲಾಗ್ ಸಿಂಥ್‌ಗಳೇ (ಸಿಂಥಸೈಜರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್). ಪಾಲಿಸಿಕ್ಸ್ 1981ರದು, ಜೂನೋ 1984ರದು. ನನ್ನ ಮತ ಜೂನೋಗೆ, ಆದರೆ ಹಣ ಕಳಿಸುವ ಮುಂಚೆ ಇದನ್ನೊಮ್ಮೆ ಓದು. ಇದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ಇದ್ದಾರೆ, ಅವರಿಗೂ ಸಿಗಲಿ ಅಂತ ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆಯುತ್ತಿದ್ದೇನೆ.

ಹಳೆಯ ಸಿಂಥ್ ಕೊಳ್ಳುವವರು ಸದ್ದು ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಒಳಗಿನ ಚಿಪ್ ಈಗಲೂ ಸಿಗುತ್ತದೆಯೇ ಎಂದು ಕೇಳುವವರು ಕಡಿಮೆ. ಪ್ರಾಫೆಟ್-5 ಎಂಬ ಇನ್ನೊಂದು ಹಳೆಯ ಸಿಂಥ್‌ನ ಮೂರನೆಯ ಆವೃತ್ತಿಯಲ್ಲಿ ಇರುವುದು ಕರ್ಟಿಸ್ ಕಂಪನಿಯ ಚಿಪ್‌ಗಳು. ಅವುಗಳಲ್ಲಿ 3340 ಆಸಿಲೇಟರ್ (ಸ್ವರ ಹುಟ್ಟಿಸುವ ಚಿಪ್) ಮತ್ತೆ ತಯಾರಾಗುತ್ತಿದೆ, ಬೇರೆಯವರ ತದ್ರೂಪಗಳೂ ಇವೆ. ಯಮಾಹಾ ಸಿಎಸ್-80ಯದು ಬೇರೆ ಕತೆ. ಅದರೊಳಗಿನವು ಯಮಾಹಾದ ಸ್ವಂತ ಚಿಪ್‌ಗಳು. ಒಂದು ಸುಟ್ಟರೆ ಸತ್ತುಹೋದ ಇನ್ನೊಂದು ಯಮಾಹಾವನ್ನು ಹುಡುಕಿ ಕಿತ್ತು ತರಬೇಕು. ಜೂನೋ ಇವೆರಡರ ನಡುವಿನದು. ಅದರ ಚಿಪ್ ಕೆಡುವುದು ಹೆಚ್ಚುಕಡಿಮೆ ಖಚಿತ, ಸರಿಪಡಿಸುವ ದಾರಿಯೂ ಅಷ್ಟೇ ಖಚಿತ.

ಕೆಡುವುದು 80017ಎ ಎಂಬ ಚಿಪ್. ಪ್ರತಿ ವಾಯ್ಸಿಗೆ ಒಂದರಂತೆ ಒಟ್ಟು ಆರು ಇವೆ. ಆ ವಾಯ್ಸಿನ ಸದ್ದಿನ ಬಣ್ಣ ತಿದ್ದುವ ಫಿಲ್ಟರ್ ಮತ್ತು ಗಟ್ಟಿ ಹೊಂದಿಸುವ ವಿಸಿಎ ಎರಡೂ ಅದರೊಳಗೇ ಇವೆ. ಮೇಲೆ ಬಳಿದ ಕಪ್ಪು ಎಪಾಕ್ಸಿ ವರ್ಷಗಳು ಕಳೆದಂತೆ ಹದಗೆಟ್ಟು, ಒಳಗಿನ ಬಿಂದುಗಳ ನಡುವೆ ಸಣ್ಣಗೆ ವಿದ್ಯುತ್ ಸೋರಲು ಬಿಡುತ್ತದೆ. ಆಗ ಒಂದು ವಾಯ್ಸ್ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನಬಹುದು, ಕೀಲಿಯಿಂದ ಬೆರಳು ತೆಗೆದರೂ ನಿಲ್ಲದೆ ಗುಂಯ್‌ಗುಡಬಹುದು, ಇಲ್ಲವೇ ಪೂರ್ತಿ ಮೂಕವಾಗಬಹುದು. ಬಹಳ ಸಲ ಇದು ಯಂತ್ರ ಬಿಸಿಯಾದ ಮೇಲಷ್ಟೇ ಕಾಣಿಸುತ್ತದೆ. ಹಾಗಾಗಿ ಆನ್ ಮಾಡಿದ ಕೂಡಲೇ ತೆಗೆದ ವಿಡಿಯೋ ನಂಬಬೇಡ. ಅರ್ಧ ಗಂಟೆ ಆನ್ ಇಟ್ಟು, ಆಮೇಲೆ ತೆಗೆದು ಕಳಿಸಲು ಹೇಳು.

ವಿಡಿಯೋದಲ್ಲಿ ಏನು ಮಾಡಿಸಬೇಕು? ಕೀ ಟ್ರಾನ್ಸ್‌ಪೋಸ್ ಗುಂಡಿ ಒತ್ತಿಹಿಡಿದು ಪವರ್ ಆನ್ ಮಾಡಿದರೆ ಜೂನೋ ಟೆಸ್ಟ್ ಮೋಡ್‌ಗೆ ಹೋಗುತ್ತದೆ. ಆಗ ಪ್ರತಿ ಸಲ ಕೀಲಿ ಒತ್ತಿದಾಗಲೂ ಯಾವ ವಾಯ್ಸ್ ನುಡಿಯುತ್ತಿದೆ ಎಂಬ ಅಂಕಿ ಡಿಸ್‌ಪ್ಲೇಯಲ್ಲಿ ಬರುತ್ತದೆ. ಒಂದೇ ಕೀಲಿಯನ್ನು ಆರು ಸಲ ಒತ್ತಿಸು. ಆರೂ ಒಂದೇ ತರಹ, ಒಂದೇ ಗಟ್ಟಿಯಲ್ಲಿ ಕೇಳಬೇಕು. ಸದ್ದನ್ನು ದಪ್ಪಗೊಳಿಸುವ ಕೋರಸ್ ಎಫೆಕ್ಟ್ ಆಫ್ ಇರಲಿ, ಅದು ಬಹಳ ಪಾಪಗಳನ್ನು ಮುಚ್ಚುತ್ತದೆ. ಆಸಿಲೇಟರಿನ ಅಲೆಗಳನ್ನು ರೂಪಿಸುವ ಎಂಸಿ5534ಎ ಚಿಪ್‌ಗಳು ಮೂರೇ ಇವೆ, ಒಂದೊಂದು ಎರಡೆರಡು ವಾಯ್ಸ್ ನೋಡಿಕೊಳ್ಳುತ್ತದೆ. ಎರಡು ವಾಯ್ಸ್ ಜೋಡಿಯಾಗಿ ಕೈಕೊಟ್ಟರೆ ಅನುಮಾನ ಇದರ ಮೇಲೆ, ಒಂದೇ ಕೈಕೊಟ್ಟರೆ 80017ಎ ಮೇಲೆ.

ಕೆಟ್ಟ 80017ಎಗೆ ಎರಡು ಪರಿಹಾರ. ಹೊಸ ತದ್ರೂಪು ಚಿಪ್ ಕೊಳ್ಳುವುದು ನಿಶ್ಚಿಂತೆಯ ದಾರಿ, ಖರ್ಚು ಜಾಸ್ತಿ. ಅಗ್ಗದ ದಾರಿ ಅಸಿಟೋನ್. ಚಿಪ್ ಬಿಚ್ಚಿ, ಮುಚ್ಚಳವಿರುವ ಗಾಜಿನ ಸಣ್ಣ ಬಾಟಲಿಯಲ್ಲಿ ಅಸಿಟೋನಿನಲ್ಲಿ ಮುಳುಗಿಸಿ ಒಂದೆರಡು ದಿನ ಬಿಡಬೇಕು. ಪ್ರತಿ ಬಾಟಲಿಯ ಮೇಲೆ ವಾಯ್ಸಿನ ನಂಬರ್ ಬರೆದಿರಲಿ. ಎಪಾಕ್ಸಿ ಉಬ್ಬಿ ಮೆತ್ತಗಾದ ಮೇಲೆ ಟೂತ್‌ಪಿಕ್‌ನಿಂದ ನಿಧಾನ ಸುಲಿ. ಬ್ಲೇಡ್ ಹಾಕಿದರೆ ಅಡಿಯ ಸಿರಾಮಿಕ್ ಪಟ್ಟಿಯ ಮೇಲಿನ ಪುಟ್ಟ ಬಿಡಿಭಾಗಗಳು ಹಾರಿಹೋಗುತ್ತವೆ, ಕಾಲುಗಳೂ ಬೇಗ ಮುರಿಯುತ್ತವೆ. ಪದರ ಬರದಿದ್ದರೆ ಎಳೆಯಬೇಡ, ಇನ್ನೊಂದು ದಿನ ನೆನೆಯಲಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿ, ಬೋರ್ಡಿಗೆ ನೇರ ಬೆಸೆಯುವ ಬದಲು ಸಾಕೆಟ್ ಕೂರಿಸಿ ಅದರಲ್ಲಿ ಹಾಕು. ಹೆಚ್ಚಿನವು ಬದುಕುತ್ತವೆ, ಎಲ್ಲವೂ ಅಲ್ಲ. ಕಿಟಕಿ ತೆರೆದಿರಲಿ, ಒಲೆಯಾಗಲಿ ದೇವರ ದೀಪವಾಗಲಿ ಹತ್ತಿರ ಬೇಡ. ಚಿಪ್ ಮರಳಿ ಕೂತ ಮೇಲೆ ಸರ್ವಿಸ್ ಮ್ಯಾನುಯಲ್ ನೋಡಿ ಆ ವಾಯ್ಸಿನ ಟ್ರಿಮ್‌ಗಳನ್ನು (ಬೋರ್ಡಿನ ಮೇಲಿನ ಸಣ್ಣ ಹೊಂದಾಣಿಕೆ ತಿರುಪುಗಳನ್ನು) ಹೊಂದಿಸಲೇಬೇಕು. ಇಲ್ಲದಿದ್ದರೆ ಆರರಲ್ಲಿ ಒಂದು ಸ್ವರ ಮಾತ್ರ ಮಂಕಾಗಿ, ಚಿಪ್ ಇನ್ನೂ ಕೆಟ್ಟೇ ಇದೆ ಅನ್ನಿಸುತ್ತದೆ.

ಈಗ ಕರೆಂಟು. ಜಪಾನಿನ ಮಾಡೆಲ್ 100 ವೋಲ್ಟಿನದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್) 110 ವೋಲ್ಟಿನದು, ಅಂದರೆ ಶೇ. 10 ಹೆಚ್ಚು, ಒಳಗಿನ ಟ್ರಾನ್ಸ್‌ಫಾರ್ಮರ್, ರೆಗ್ಯುಲೇಟರ್ ಎರಡೂ ಸುಮ್ಮನೆ ಬಿಸಿಯಾಗುತ್ತವೆ. ಬೆಂಗಳೂರಿನ ಎಸ್‌.ಪಿ. ರಸ್ತೆ ಕಡೆ ಹೇಳಿ 230ರಿಂದ 100 ವೋಲ್ಟಿಗೆ, 100 ವಿಎ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೊ. ಜೂನೋಗೆ ಅಷ್ಟು ಧಾರಾಳ. ಪ್ರಯಾಣಕ್ಕೆಂದು ಮಾರುವ ಅಂಗೈಯಗಲದ ಹಗುರ ಕನ್ವರ್ಟರ್ ಮಾತ್ರ ಬೇಡವೇ ಬೇಡ. ಅವುಗಳಲ್ಲಿ ಬಹಳಷ್ಟು ಅಲೆಯನ್ನು ಕತ್ತರಿಸಿ ವೋಲ್ಟೇಜ್ ಇಳಿಸುತ್ತವೆ. ಇಸ್ತ್ರಿಪೆಟ್ಟಿಗೆಗೆ ಅದು ನಡೆಯುತ್ತದೆ, ಸಿಂಥ್‌ಗಲ್ಲ. ಇನ್ನೊಂದು ಮಾತು, ಮನೆಯ ಲೈನ್ 250ಕ್ಕೆ ಏರಿದರೆ ನಿನ್ನ 100 ಕೂಡ ಸುಮಾರು 109 ಆಗುತ್ತದೆ. ಅದಕ್ಕೆ ಮುಂದೆ ಸ್ಟೆಬಿಲೈಸರ್ ಇರಲಿ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ರೆಕಾರ್ಡಿಂಗ್ ಮುಂದುವರಿಸಬೇಡ, ಟ್ರಾನ್ಸ್‌ಫಾರ್ಮರ್ ಜೀರುಂಡೆ ಆಗುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡು. ಎರಡು ಮೂರು ವೋಲ್ಟಿಗಿಂತ ಹೆಚ್ಚು ಬಂದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸು, ಆಮೇಲೆ ಸಿಂಥ್.

ಯಂತ್ರ ಕೈಸೇರಿದ ಮೇಲೆ ಒಳಗಿನ ಸಪ್ಲೈ ಅಳೆಸು: ಪ್ಲಸ್ 15, ಮೈನಸ್ 15, ಪ್ಲಸ್ 5 ವೋಲ್ಟ್. ಐದರ ಲೈನ್ 4.75ಕ್ಕಿಂತ ಕೆಳಗಿಳಿದರೆ ಪ್ರೊಸೆಸರ್ ಹುಚ್ಚಾಟ ಆಡುತ್ತದೆ, ಜನ ಚಿಪ್ ಬೈಯುತ್ತಾ ಕೂರುತ್ತಾರೆ.

128 ಪ್ಯಾಚ್‌ಗಳ (ಉಳಿಸಿಟ್ಟ ಸದ್ದುಗಳ) ನೆನಪನ್ನು ಹಿಡಿದಿಡುವುದು ಬೋರ್ಡಿನ ಮೇಲಿನ ಸಿಆರ್2032 ಸೆಲ್. ಅದು ಬೆಸೆದದ್ದು, ಬೆರಳಲ್ಲಿ ಕೀಳುವಂಥದ್ದಲ್ಲ. ಬದಲಿಸುವ ಮುಂಚೆ ಟೇಪ್ ಔಟ್‌ನಿಂದ ಪ್ಯಾಚ್‌ಗಳನ್ನು ಕಂಪ್ಯೂಟರಿಗೆ ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿಕೊ, ಎಂಪಿ3 ಬೇಡ. ಮರಳಿ ತುಂಬುವಾಗ ಯಂತ್ರದ ಹಿಂಬದಿಯ ಮೆಮೊರಿ ಪ್ರೊಟೆಕ್ಟ್ ಸ್ವಿಚ್ ಆಫ್ ಇರಬೇಕು. ಹೊಸ ಸೆಲ್ ಹೋಲ್ಡರಿನಲ್ಲಿ ಕೂರಲಿ.

ಪಾಲಿಸಿಕ್ಸ್ ಬೇಡ ಅಂದದ್ದಕ್ಕೂ ಕಾರಣ ಬ್ಯಾಟರಿಯೇ. ಅದರ ಕೆಎಲ್‌ಎಂ-367 ಬೋರ್ಡಿನಲ್ಲಿ ಇರುವುದು ಚಾರ್ಜ್ ಆಗುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದು ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಅಗ್ಗಕ್ಕೆ ಸಿಕ್ಕಿ ತೆಗೆದುಕೊಳ್ಳುವುದಾದರೆ ಮೊದಲು ಆ ಬೋರ್ಡಿನ ಫೋಟೋ ಕೇಳು. ಸೋರಿದ್ದು ಕ್ಷಾರ, ಹಾಗಾಗಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಡಿಗೆ ಸೋಡಾ ಆಮ್ಲಕ್ಕೆ, ಇಲ್ಲಿ ಅದರಿಂದ ಏನೂ ಆಗದು. ಬದಲಿಗೆ ಲಿಥಿಯಂ ಸೆಲ್ ಹಾಕಿದರೆ ಜೊತೆಗೆ ಒಂದು ಡಯೋಡ್ ಕಡ್ಡಾಯ. ಚಾರ್ಜಿಂಗ್ ಕರೆಂಟು ಲಿಥಿಯಂಗೆ ಹೋದರೆ ಸೆಲ್ ಸಿಡಿಯಬಹುದು.

ಮಂಗಳೂರಿನ ಮಳೆಗಾಲ ನಿನಗೆ ಹೇಳಬೇಕಿಲ್ಲ. ಕೋಣೆಯಲ್ಲಿ ತೇವಾಂಶದ ಮೀಟರ್ ಇಡು, ಶೇ. 45ರಿಂದ 55ರ ಒಳಗೆ ತರಲು ನೋಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಸಾಲದು, ಡಿಹ್ಯುಮಿಡಿಫೈಯರ್ ಬೇಕು. ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿ ನುಡಿಸು. ಕೀಲಿ ಹಿಡಿಯದಿದ್ದರೆ ಅಡಿಯ ರಬ್ಬರಿನ ಕರಿ ಬಿಂದುವನ್ನೂ ಬೋರ್ಡಿನ ಕಾಂಟ್ಯಾಕ್ಟನ್ನೂ ಐಸೊಪ್ರೊಪೈಲ್‌ನಲ್ಲಿ ಹತ್ತಿ ಅದ್ದಿ ಒರೆಸಿದರೆ ಸಾಕು. ಸ್ಲೈಡರಿಗೆ ಫೇಡರ್‌ಗೆಂದೇ ಇರುವ ಲೂಬ್ರಿಕಂಟ್ ಬಳಸು. ಡಬ್ಲ್ಯೂಡಿ-40 ಹೊಡೆದವರು ಆರು ತಿಂಗಳಲ್ಲಿ ಸ್ಲೈಡರ್ ಹುಡುಕುತ್ತಾ ಅಲೆಯುತ್ತಾರೆ.

ರೆಕಾರ್ಡಿಂಗ್ ವಿಷಯ ಚಿಕ್ಕದು. ಹಿಂಬದಿಯ ಲೆವೆಲ್ ಸ್ವಿಚ್ ಎಚ್‌ಗೆ (ಹೈ) ಇಟ್ಟು ಕಂಪ್ಯೂಟರಿನ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಗೆ ಕೊಡು. ಕೋರಸ್ ಇಲ್ಲದಿದ್ದರೆ ಎಡ ಬಲ ಎರಡೂ ಒಂದೇ, ಮೋನೋ ಸಾಕು. ಕೋರಸ್ ಹಾಕಿದರೆ ಹಿಸ್ ಬರುತ್ತದೆ. ಅದು ಕೆಟ್ಟದ್ದಲ್ಲ, ಆ ಕಾಲದ ಕೋರಸ್ಸೇ ಹಾಗೆ. ಕೀಲಿ ಎಷ್ಟು ಜೋರಾಗಿ ಒತ್ತಿದರೂ ಜೂನೋಗೆ ಒಂದೇ, ವೆಲಾಸಿಟಿ ಇಲ್ಲ. ಒತ್ತಿಹಿಡಿದ ಸ್ವರಗಳನ್ನು ಒಂದೊಂದಾಗಿ ತಾನೇ ನುಡಿಸುವ ಆರ್ಪೆಜಿಯೇಟರ್ ಕೂಡ ಇಲ್ಲ, ಅದು ಬೇಕಿದ್ದರೆ ಜೂನೋ-60 ನೋಡಬೇಕು. ನಿನ್ನ ಭಾಗವತರ ಜೊತೆ ಕೂರುವಾಗ ಕಪ್ಪು ಮೂರೋ ಬಿಳಿ ಐದೋ ಎಂದು ನೋಡಿ ಕೀ ಟ್ರಾನ್ಸ್‌ಪೋಸ್ ಮಾಡಿಕೊ. ಶ್ರುತಿಪೆಟ್ಟಿಗೆ ಎರಡು ಕೀಲಿಗಳ ನಡುವೆ ಕೂತಿದ್ದರೆ ಹಿಂಬದಿಯ ಟ್ಯೂನ್ ನಾಬ್‌ನಲ್ಲಿ 50 ಸೆಂಟ್ಸ್‌ವರೆಗೆ (ಪಕ್ಕಪಕ್ಕದ ಎರಡು ಕೀಲಿಗಳ ಅಂತರದ ಅರ್ಧ) ಆಚೀಚೆ ಸಿಗುತ್ತದೆ. ಡಿಸಿಒ (ಡಿಜಿಟಲ್ ಹಿಡಿತದ ಆಸಿಲೇಟರ್) ಇರುವುದರಿಂದ ಒಮ್ಮೆ ಹೊಂದಿಸಿದ ಶ್ರುತಿ ಸೆಕೆಗೆ ಜಾರುವುದಿಲ್ಲ, ನಿನಗೆ ಜೂನೋ ಅಂದದ್ದು ಮುಖ್ಯವಾಗಿ ಇದಕ್ಕೇ.

ಮಾರುವವನಿಗೆ ಎರಡು ಪೆಟ್ಟಿಗೆ ಪ್ಯಾಕಿಂಗ್ ಹೇಳು. ಸ್ಲೈಡರುಗಳ ಮೇಲೆ ಭಾರ ಬೀಳದಂತೆ ಗಟ್ಟಿ ರಟ್ಟು ಕಟ್ಟಲಿ. ಅವನ ವಿಡಿಯೋ ಬಂದ ಕೂಡಲೇ ನನಗೆ ಕಳಿಸು, ಆರು ವಾಯ್ಸನ್ನೂ ಹೆಡ್‌ಫೋನ್ ಹಾಕಿ ಕೇಳಿ ಹೇಳುತ್ತೇನೆ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ.

ನಿನ್ನ,
ರಘು